ಒಂದು ತಾಸಿನ ಹೈದರಾಬಾದು

ಪಂಚಮಿಗೆ ಮಾರೆವ್ವ ವಿಮಾನದಲ್ಲಿ ಬರುತ್ತಾಳೆ ಎಂದು ನನ್ನ ಹೆಂಡತಿ ಕರಿಯವ್ವ ಹೇಳಿದಾಗ ನಾನು ಕನ್ನಡಿ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದೆ. ಅರ್ಧ ಮುಖಕ್ಕೆ ಸಾಬೂನು ಇಟ್ಟುಕೊಂಡೇ ತಿರುಗಿದೆ. ಮಾರೆವ್ವ ನನ್ನ ಒಬ್ಬಳೇ ತಂಗಿ, ಹೈದರಾಬಾದಿನಲ್ಲಿ ಅವಳ ಸಂಸಾರ. ನಾನು ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೆ ಅವಳ ಮುಖ ನೋಡಿರಲಿಲ್ಲ, ವರ್ಷದ ಮೇಲಾಗಿತ್ತು.

“ಎಷ್ಟು ದಿನ ಇರ್ತಾಳಂತ?” ಎಂದೆ.

“ದಿನ ಎಲ್ಲೀದು ಬಂತ್ರಿ? ಮುಂಜಾನಿ ಬಂದು ಸಂಜಿಮುಂದ ಹೋಗ್ತಾಳಂತ. ತೋರಣಗಲ್ಲಿಂದ ಹೈದರಾಬಾದಿಗೆ ಒಂದೇ ತಾಸಂತ ನೋಡ್ರಿ!”

ವಿಮಾನವನ್ನು ತಾನೇ ಕಂಡುಹಿಡಿದಳೇನೋ ಅನ್ನುವಷ್ಟು ಬೆಳಕು ಕರಿಯವ್ವನ ಮುಖದಲ್ಲಿತ್ತು. ನನಗೆ ಸಿಟ್ಟು ಬಂತು. ಒಂದು ತಾಸಂತೆ! ಹಬ್ಬದ ದಿನ ಕುಷ್ಟಗಿ ಬಸ್ ನಿಲ್ದಾಣದಿಂದ ಗಾಡಿ ಹಿಂದಕ್ಕೆ ತೆಗೆದು ರಸ್ತೆಗೆ ಬೀಳುವುದಕ್ಕೇ ಅರ್ಧ ತಾಸು ಬೇಕು. ಬಾಳೆಹಣ್ಣು ಮಾರುವವನು ಕಿಟಕಿ ಬಿಡುವುದಿಲ್ಲ, ಬೀಗರನ್ನು ಕಳಿಸಲು ಬಂದವರು ಬಾಗಿಲು ಬಿಡುವುದಿಲ್ಲ, ಯಾರದೋ ಕೂಸು ಉಚ್ಚೆಗೆ ಹೋಗಿರುತ್ತದೆ. ಅಷ್ಟರಲ್ಲಿ ಇವರು ಹೈದರಾಬಾದಿನಲ್ಲಿ ಇಳಿದುಬಿಡುತ್ತಾರಂತೆ.

ನನ್ನ ಹೆಸರು ದುರುಗಪ್ಪ. ಕುಷ್ಟಗಿ ಡಿಪೋದಲ್ಲಿ ಡ್ರೈವರ್ ಆಗಿದ್ದವನು, ಹೆಚ್ಚಿನ ವರ್ಷ ಹೈದರಾಬಾದ್ ಗಾಡಿಯನ್ನೇ ಓಡಿಸಿದವನು. ತಾವರಗೇರಾ, ಸಿಂಧನೂರು, ಮಾನ್ವಿ, ರಾಯಚೂರು, ಆಮೇಲೆ ಕೃಷ್ಣೆಯ ಸೇತುವೆ, ಮಕ್ತಲ್, ಮೆಹಬೂಬನಗರ. ಹೇಳುವುದಕ್ಕೆ ಮುನ್ನೂರೈವತ್ತು ಕಿಲೋಮೀಟರ್. ಸಂಜೆ ಹೊರಟರೆ ಬೆಳಗಿನ ಜಾವ ಇಮ್ಲಿಬನ್ ಬಸ್ ನಿಲ್ದಾಣ. ಆ ದಾರಿಯ ತಗ್ಗುಗಳಿಗೆ ನಾನು ಹೆಸರಿಟ್ಟು ತೊಟ್ಟಿಲಿಗೆ ಹಾಕುವುದೊಂದು ಬಾಕಿ ಇತ್ತು.

ಆ ದಾರಿ ನನಗೆ ತಾನಾಗಿ ಬಂದದ್ದಲ್ಲ, ಬೇಡಿ ಪಡೆದದ್ದು. ಮಾರೆವ್ವನ ಮದುವೆ ಆದದ್ದು ಕೊಪ್ಪಳ ಜಿಲ್ಲೆಯಾದ ವರ್ಷ. ಇನ್ನು ಮೇಲೆ ಎಲ್ಲ ಕೆಲಸಕ್ಕೂ ರಾಯಚೂರಿಗೆ ಓಡಬೇಕಾಗಿಲ್ಲ, ಎಲ್ಲ ಹತ್ತಿರ ಬಂತು ಅಂತ ಊರೆಲ್ಲ ಹಿಗ್ಗುತ್ತಿದ್ದಾಗ ನಮ್ಮ ಮನೆಯ ಹುಡುಗಿ ಮಾತ್ರ ಜಿಲ್ಲೆಯನ್ನೂ ರಾಜ್ಯವನ್ನೂ ದಾಟಿ ಹೋದಳು. ಗಂಡ ಅಯ್ಯಪ್ಪ ಯಲಬುರ್ಗಾ ಕಡೆಯವನು, ಗೌಂಡಿ. ಹೈದರಾಬಾದಿನಲ್ಲಿ ಮನೆ ಕಟ್ಟುವ ಕೆಲಸ ಹಿಡಿದು ಅಂಬರಪೇಟದಲ್ಲಿ ನೆಲೆ ನಿಂತಿದ್ದ. “ಅಷ್ಟು ದೂರ ಕೊಟ್ರ ನನ್ನ ಕೂಸಿನ ಮುಖ ಹ್ಯಾಂಗ ನೋಡ್ಲೋ” ಎಂದು ಅವ್ವ ಅತ್ತಳು. ಆಗ ನಾನು ಹಂದರದ ಕೆಳಗೆ ನಾಲ್ಕು ಜನರ ಎದುರು ಎದೆ ತಟ್ಟಿಕೊಂಡು ಹೇಳಿದೆ: “ಹೈದರಾಬಾದ್ ರೂಟ್ ಕೇಳಿ ತಗೋತೀನಿ ಬೇ. ವಾರಾ ವಾರಾ ಹೋಗಿ ನೋಡಿ ಬರ್ತೀನಿ.”

ಆಡಿದ ಮಾತಿಗೆ ತಪ್ಪಲಿಲ್ಲ. ಡಿಪೋದಲ್ಲಿ ಉಳಿದವರು ಆ ದಾರಿ ಅಂದರೆ ನಡು ಹಿಡಿದುಕೊಳ್ಳುತ್ತಿದ್ದರು. ನಾನು ಸಾಹೇಬರಿಗೆ ಕೈಮುಗಿದು ಅದನ್ನೇ ಕೇಳಿದೆ. ಅವ್ವ ಇರುವವರೆಗೆ ಅವ್ವ, ಆಮೇಲೆ ಕರಿಯವ್ವ ಬುತ್ತಿ ಕಟ್ಟಿಕೊಟ್ಟರು. ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಹೊಲದ ಹಸಿ ಕಡಲೆ. ಎಲ್ಲವೂ ನನ್ನ ಸೀಟಿನ ಹಿಂದೆ ಕುಳಿತು ಕೃಷ್ಣೆ ದಾಟುತ್ತಿದ್ದವು. ಮುಂಜಾನೆ ಮಾರೆವ್ವನ ಬಾಗಿಲು ಬಡಿದರೆ “ಅಣ್ಣಾ” ಅಂತ ಅವಳು ಓಡಿ ಬರುವ ಸಪ್ಪಳಕ್ಕೆ ಮೈಯ ನೋವೆಲ್ಲ ಇಳಿಯುತ್ತಿತ್ತು. ಸಂಜೆ ಮತ್ತೆ ಬಸ್ಸು ಹತ್ತುವ ತನಕ ಅದು ನನ್ನ ಮನೆ. ಇಪ್ಪತ್ತು ವರ್ಷ ತಂಗಿಯನ್ನು ಹೀಗೆ ನೋಡಿಕೊಂಡ ಅಣ್ಣ ಕುಷ್ಟಗಿ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ ಅಂತ ನಾನು ಕಟ್ಟೆಯ ಮೇಲೆ ಕೂತು ಎಷ್ಟೋ ಸಲ ಹೇಳಿದ್ದೇನೆ.

ನಿವೃತ್ತಿಯಾದ ಮೇಲೆ ದಾರಿ ಕಡಿಯಿತು. ಹಿಂದಿನ ಸೀಟಿನಲ್ಲಿ ಕೂತು ಟಿಕೆಟ್ ತೆಗೆಸಿಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ. ಸುಳ್ಳು ಯಾಕೆ, ನಾಚಿಕೆ. ಅವಳಾದರೂ ಬರಲಿ ಎಂದು ಕಾಯ್ದೆ. ಅವಳ ಅತ್ತೆ ಪಕೀರಮ್ಮನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಎತ್ತಿ ಕೂಡಿಸುವುದು, ಮಗ್ಗುಲು ಹೊರಳಿಸುವುದು, ತುತ್ತು ಇಡುವುದು ಎಲ್ಲ ಮಾರೆವ್ವನದೇ. ಫೋನಿನಲ್ಲಿ ನಾನು ಕೇಳುತ್ತಿದ್ದದ್ದು ಒಂದೇ ಮಾತು: “ಒಂದು ರಾತ್ರಿ ಬಂದು ನಮ್ಮ ಮನ್ಯಾಗ ಮಕ್ಕೊಂಡು ಹೋಗವ್ವ.” ಸಣ್ಣವರಿದ್ದಾಗ ಮಾಳಿಗೆಯ ಮೇಲೆ ಹಾಸಿಕೊಂಡು ನಿದ್ದೆ ಬರುವ ತನಕ ಮಾತಾಡುತ್ತಿದ್ದೆವು. ಏನು ಮಾತು ಅಂತ ಕೇಳಿದರೆ ಒಂದೂ ನೆನಪಿಲ್ಲ. ಹಾಗೆ ಇನ್ನೊಂದು ಸಲ ಆಗಬೇಕು ಎಂಬ ಆಸೆ ನನಗೆ, ಇಷ್ಟು ವಯಸ್ಸಾದ ಮೇಲೆ, ಜ್ವರದ ಹಾಗೆ ಹತ್ತಿಕೊಂಡಿತ್ತು.

ಈಗ ಬರುತ್ತಾಳೆ ಅಂದರೆ ಒಂದು ರಾತ್ರಿಗೂ ಇಲ್ಲ! ಅವಳ ಮಗಳು ದೀಪಿಕಾ ದವಾಖಾನೆಯಲ್ಲಿ ನರ್ಸು. ಹಗಲು ತಾನು ಅಜ್ಜಿಯನ್ನು ನೋಡಿಕೊಳ್ಳುತ್ತೇನೆ, ರಾತ್ರಿ ಡ್ಯೂಟಿಗೆ ಹೋಗುವಷ್ಟರಲ್ಲಿ ಅವ್ವ ವಾಪಸ್ ಬಂದಿರಬೇಕು ಎಂದು ಎರಡೂ ಕಡೆಯ ಟಿಕೆಟ್ ತೆಗೆಸಿದ್ದಳು. ಬಸ್ಸಾಗಿದ್ದರೆ ಹೀಗೆ ಯೋಚಿಸುವುದಕ್ಕೇ ಆಗುತ್ತಿರಲಿಲ್ಲ. ಬಂದವಳು ಎಂಟು ದಿನ ಇರುತ್ತಿದ್ದಳು. ದಾರಿ ಉದ್ದ ಇದ್ದರೆ ಇರುವುದೂ ಉದ್ದ. ದಾರಿ ಗಿಡ್ಡವಾದರೆ ಎಲ್ಲವೂ ಗಿಡ್ಡ. ಇದನ್ನು ನಾನು ಕರಿಯವ್ವನಿಗೆ ಹೇಳಿದೆ. “ಬರೋದು ಬರ್ತಾಳಲ್ರಿ, ಅದಕ್ಕೂ ಮಾರಿ ಗಂಟು ಹಾಕ್ತೀರೇನು?” ಎಂದು ಅವಳು ಉಂಡಿಗೆ ಪಾಕ ಹಿಡಿಯಲು ಹೋದಳು.

ಪಂಚಮಿಯ ದಿನ ಇನ್ನೂ ಕೋಳಿ ಕೂಗುವ ಹೊತ್ತಿಗೆ ನಾನು, ನನ್ನ ಮಗ ವೆಂಕಟೇಶ ಹೊರಟೆವು. ಅವನದು ಬಾಡಿಗೆ ಕಾರು. ಹೊಸಪೇಟೆ ದಾಟಿ ತೋರಣಗಲ್ಲು ಮುಟ್ಟುವುದಕ್ಕೆ ಎರಡು ತಾಸು. ಉಕ್ಕಿನ ಕಾರ್ಖಾನೆಯ ಚಿಮಣಿಗಳ ಆಚೆ ಸಣ್ಣದೊಂದು ನಿಲ್ದಾಣ. ಕೊಪ್ಪಳದ ಬಸ್ ನಿಲ್ದಾಣವೇ ಅದಕ್ಕಿಂತ ದೊಡ್ಡದು. ವಿಮಾನವೂ ನಾನು ತಿಳಿದಷ್ಟು ದೊಡ್ಡದಿರಲಿಲ್ಲ, ಎರಡೂ ರೆಕ್ಕೆಗೆ ಫ್ಯಾನು ಇದ್ದದ್ದು. ಇಳಿದವರ ನಡುವೆ ಹಸಿರು ಸೀರೆಯ ಮಾರೆವ್ವ ಕಂಡಳು. ಸೊರಗಿದ್ದಳು. ಕಣ್ಣಿನ ಕೆಳಗೆ ಕಪ್ಪು. ನನ್ನನ್ನು ಕಂಡವಳೇ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಅಲ್ಲಾಡಿಸಿದಳು.

“ಅಣ್ಣಾ, ಕಿವಿ ಗುಂಯ್ ಅಂತಾವಲ್ಲೋ! ಚಹಾ ಕೊಟ್ರು, ಕುಡ್ಯೂದ್ರಾಗ ಇಳೀರಿ ಅಂದ್ರು.”

“ಒಂದು ತಾಸಿನ ಚಹಾ,” ಎಂದೆ. ನಗುತ್ತ ನನ್ನ ತೋಳು ಹಿಡಿದಳು. ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಉಳಿದ ಅರ್ಧ ಕಾರಿನಲ್ಲಿ ಹೊರಗೆ ಬಂತು. ಮನೆಯಿಂದ ಎಷ್ಟಕ್ಕೆ ಹೊರಟೆ, ವಿಮಾನದ ನಿಲ್ದಾಣ ಊರಿಂದ ಎಷ್ಟು ದೂರ, ಒಳಗೆ ಎಷ್ಟು ಹೊತ್ತು ಕೂಡಿಸಿದರು ಎಂದು ಕೇಳುತ್ತ ಹೋದೆ. ಬಾಗಿಲಿಂದ ಬಾಗಿಲಿಗೆ ಏಳೆಂಟು ತಾಸು ಆಯಿತು. “ನೋಡಿದ್ಯಾ? ನಾಕು ತಾಸು ಹೆಚ್ಚಿಗಿ ಹಾಕಿದ್ರ ನನ್ನ ಬಸ್ಸು ಮುಟ್ಟಿಸ್ತಿತ್ತು, ರೊಟ್ಟಿ ಗಂಟು ಸಮೇತ.” ವೆಂಕಟೇಶ ಕನ್ನಡಿಯಲ್ಲಿ ನೋಡಿ ಹಲ್ಲು ಕಿರಿದ. “ಅಪ್ಪಗ ವಿಮಾನದ ಮ್ಯಾಲ ಹೊಟ್ಟಿಕಿಚ್ಚು ಐತಿ ಅತ್ತಿ” ಎಂದ. ಅವನ ಮಾತು ಸುಳ್ಳೇನಲ್ಲ.

ಮನೆಯಲ್ಲಿ ಅವಳು ಇದ್ದದ್ದು ಊಟದ ಹಿಂದೆ ಮುಂದೆ ಒಂದಿಷ್ಟು ಹೊತ್ತು. ಹುತ್ತಕ್ಕೆ ಹಾಲೆರೆದು ಬಂದಳು, ಬೇವಿನ ಮರದ ಜೋಕಾಲಿಯಲ್ಲಿ ಕರಿಯವ್ವನ ಜೊತೆ ಕೂತು ಎರಡು ಸಲ ಜೀಕಿದಳು, ಶೇಂಗಾ ಉಂಡಿ ಮುರಿದು ಅರ್ಧ ನನ್ನ ಬಾಯಿಗೆ ಇಟ್ಟಳು. ನಡುನಡುವೆ ಫೋನು. ಅಜ್ಜಿ ಗಂಜಿ ನುಂಗವಲ್ಲಳು, ಮುಲಾಮು ಎಲ್ಲಿದೆ, ಹಳೆ ಸೀರೆ ಹರಿದು ಇಟ್ಟದ್ದು ಎಲ್ಲಿ ಎಂದು ದೀಪಿಕಾ ಕೇಳುತ್ತಿದ್ದಳು. ಮಾರೆವ್ವ ಉತ್ತರ ಹೇಳಿ ಫೋನು ಇಡುವಾಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಆ ಗಡಿಯಾರ ನಿವೃತ್ತಿಯ ದಿನ ಡಿಪೋದವರು ಕೊಟ್ಟದ್ದು. ಅದನ್ನು ಗೋಡೆಯಿಂದ ಕಿತ್ತು ಎಸೆಯಬೇಕು ಅನಿಸಿತು.

“ಇವತ್ತೊಂದು ರಾತ್ರಿ ಇರವ್ವ. ನಾಳೆ ಕಳಸ್ತೀನಿ,” ಎಂದೆ.

“ಅತ್ತಿ ಮಗ್ಗಲಾ ಹೊರಳಸೋರು ಯಾರಣ್ಣಾ? ದೀಪಿಗೆ ರಾತ್ರಿ ಡ್ಯೂಟಿ. ಇವರು ಗಂಡಸರು, ತಾಯಿ ಸೀರಿ ಹ್ಯಾಂಗ ಬದಲಿ ಮಾಡ್ತಾರ?”

ನಾನು ಎದ್ದು ಉಡಿಯ ಸಾಮಾನು ತಂದಿಟ್ಟೆ.

ಹೊರಡುವ ಮೊದಲು ಕರಿಯವ್ವ ಉಡಿ ತುಂಬಿದಳು. ನಮ್ಮ ಕಡೆ ಮನೆಯ ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ, ಅದರಲ್ಲೂ ಪಂಚಮಿಗೆ ಕೊಬ್ಬರಿ ಕುಬಸ ಅಣ್ಣ ಕೊಡಲೇಬೇಕು. ಅಕ್ಕಿ, ಅರಿಶಿಣ ಬೇರು, ಉತ್ತತ್ತಿ, ಎಲೆ ಅಡಿಕೆ, ರವಿಕೆಗೆಂದು ಇಳಕಲ್ಲಿನಿಂದ ತಂದಿದ್ದ ಕುಬಸದ ಖಣ, ಅದರ ಮೇಲೆ ಒಣಕೊಬ್ಬರಿಯ ಐದು ಬಟ್ಟಲು. ಮಾರೆವ್ವ ಸೆರಗೊಡ್ಡಿ ಕೂತಿದ್ದಳು. ಈ ಉಡಿಯನ್ನು ದಾರಿಯಲ್ಲಿ ಬಿಚ್ಚಬಾರದು, ಯಾರಿಗೂ ಕೊಡಬಾರದು, ಗಂಡನ ಮನೆಯ ಹೊಸ್ತಿಲು ದಾಟಿಸಿ ದೇವರ ಮುಂದೆ ಇಟ್ಟು ಅದೇ ಅಕ್ಕಿಯಲ್ಲಿ ಸಿಹಿ ಮಾಡಿ ಉಣ್ಣಬೇಕು. ತವರಿಗೇ ತಿರುಗಿ ಬಂದರಂತೂ ತವರಿನ ಬಾಗಿಲು ಮುಚ್ಚಿದ ಲೆಕ್ಕ. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ, ಹುಟ್ಟಿದಾಗಿನಿಂದ ಗೊತ್ತಿರುವುದು. ಸೆರಗಿನಿಂದ ಹಸಿರು ವಸ್ತ್ರಕ್ಕೆ ಹಾಕಿ ಗಂಟು ಕಟ್ಟಿದೆವು, ಗಂಟನ್ನು ಚೀಲದಲ್ಲಿಟ್ಟೆವು.

ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನನ್ನು ತಡೆದರು. ಟಿಕೆಟ್ ಇದ್ದವರು ಮಾತ್ರ ಒಳಗೆ. ನನ್ನ ಬಸ್ಸಿನಲ್ಲಾದರೆ ಕಳಿಸಲು ಬಂದವರು ಸೀಟಿನ ತನಕ ಬಂದು, ಕೂತು, ಅತ್ತು, ಬಸ್ಸು ಹೊರಟ ಮೇಲೆ ಇಳಿಯುತ್ತಿದ್ದರು. ಇಲ್ಲಿ ಗಾಜಿನ ಬಾಗಿಲು ನಡುವೆ ಬಂತು. ಮಾರೆವ್ವ ತಿರುಗಿ ನೋಡದೆ ಹೋದಳು. ಉಡಿ ತುಂಬಿಸಿಕೊಂಡವಳು ತಿರುಗಿ ನೋಡಬಾರದು. ವೆಂಕಟೇಶ ಹೋಗೋಣ ಅಂದ. ಗಾಡಿ ಹೊರಡುವ ತನಕ ನಿಲ್ಲುವುದು ನನ್ನ ಪದ್ಧತಿ, ನಿಂತೆ.

ಸ್ವಲ್ಪ ಹೊತ್ತಿಗೆ ಗಾಜಿನ ಆಚೆ ಹಸಿರು ಸೀರೆ ಮತ್ತೆ ಕಂಡಿತು. ಎದೆಗೆ ಗಂಟು ಅವುಚಿಕೊಂಡು ಬರುತ್ತಿದ್ದಳು. ಜೊತೆಗೆ ಟಿಕೆಟ್ ನೋಡುವ ಹುಡುಗಿ ಒಬ್ಬಳು, ಬಂದೂಕು ತೂಗುಹಾಕಿಕೊಂಡ ಕಾವಲಿನವನು ಒಬ್ಬ.

“ಅಣ್ಣಾ, ಕೊಬ್ಬರಿ ಒಯ್ಯಂಗಿಲ್ಲಂತ. ಅಲ್ಲಿ ಡಬ್ಬಿಗೆ ಒಗೀ ಅಂತಾರ!” ಅವಳ ಕಣ್ಣು ತುಂಬಿತ್ತು. “ಉಡಿ ಕೊಬ್ಬರಿ ಅಣ್ಣಾ!”

ಆ ಹುಡುಗಿ ನಮ್ಮ ಕಡೆಯವಳೇ, ಮಾತಿನಲ್ಲಿ ಗೊತ್ತಾಯಿತು. ಪಾಪ, ಅವಳಿಗೂ ಕೆಡುಕೆನಿಸಿತ್ತು. “ಕಾಕಾ, ಒಣಕೊಬ್ಬರಿಗೆ ಎಣ್ಣಿ ಇರ್ತೈತಿ, ಬೆಂಕಿ ಲಗೂ ಹತ್ತತೈತಿ. ವಿಮಾನದಾಗ ಎಲ್ಲೂ ಬಿಡಂಗಿಲ್ರಿ. ಉಳಿದದ್ದೆಲ್ಲಾ ಒಯ್ಲಿ. ಕೊಬ್ಬರಿ ಅಷ್ಟ ನಿಮ್ಮ ಕೈಯಾಗ ಕೊಡ್ಲಿ, ನೀವು ಮನಿಗೆ ಒಯ್ರಿ.”

“ಮನಿಗೆ ಒಯ್ಯೂದಾ?” ನನ್ನ ದನಿ ಏರಿತು. “ತುಂಬಿದ ಉಡಿ ತವರಿಗೆ ತಿರುಗಿ ಕೊಡ್ತಾರೇನವ್ವ? ನೀನೂ ಹೆಣ್ಣುಮಗಳು, ನೀನಾ ಹೇಳು!”

ಹುಡುಗಿ ತಲೆ ತಗ್ಗಿಸಿದಳು. ನಾನು ಕಾವಲಿನವನ ಕಡೆ ತಿರುಗಿ, ಹೈದರಾಬಾದಿನಲ್ಲಿ ಕಲಿತ ಉರ್ದುವನ್ನೆಲ್ಲ ಖರ್ಚು ಮಾಡಿದೆ. ಭಾಯಿ, ಇದು ಬರೀ ಕೊಬ್ಬರಿ ಅಲ್ಲ, ತಂಗಿಯ ಉಡಿ. ನಾನು ಸೀಟಿನ ಕೆಳಗೆ ಗ್ಯಾಸಿನ ಸಿಲಿಂಡರ್ ಇಟ್ಟವರನ್ನು ಒಯ್ದಿದ್ದೇನೆ, ಮೇಕೆ ಒಯ್ದಿದ್ದೇನೆ, ಪಂಚಮಿಯಲ್ಲಿ ಬಸ್ ತುಂಬ ಕೊಬ್ಬರಿ ಒಯ್ದಿದ್ದೇನೆ, ಒಂದು ದಿನ ಒಂದು ಕಿಡಿ ಹಾರಿಲ್ಲ. ಅವನು ತಾಳ್ಮೆಯಿಂದ ಕೇಳಿದ. “ಚಾಚಾ, ರೂಲ್ ಹೈ,” ಎಂದ. ಎರಡು ನಿಮಿಷ ವಿಮಾನ ನಿಲ್ಲಿಸಿ, ನಿಮ್ಮ ದೊಡ್ಡವರನ್ನು ಕೇಳುತ್ತೇನೆ ಎಂದೆ. ಅದಕ್ಕೆ ಮಾತ್ರ ಅವನಿಗೆ ನಗು ತಡೆಯಲಾಗಲಿಲ್ಲ. ನಾನು ನನ್ನ ಸರ್ವೀಸಿನಲ್ಲಿ ಓಡಿ ಬರುತ್ತಿರುವ ಮುದುಕಿಗಾಗಿ ಎಷ್ಟು ಸಲ ಬಸ್ಸು ನಿಲ್ಲಿಸಿದ್ದೇನೆ ಅಂತ ಅವನಿಗೇನು ಗೊತ್ತು?

“ತಿಂದುಬಿಡ್ರಿ ಇಲ್ಲೇ,” ಎಂದ ವೆಂಕಟೇಶ. ಮಾರೆವ್ವ ಅವನನ್ನು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಒಳಗೆ ಹೆಸರು ಕೂಗುತ್ತಿದ್ದರು. ಹುಡುಗಿ “ಆಂಟಿ, ಲಗೂ ಹೇಳ್ರಿ” ಎಂದಳು. ಮಾರೆವ್ವ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗಾಜಿನ ಬಾಗಿಲು ದಾಟಿ ಹೊರಗೆ ಬಂದು ನನ್ನ ಪಕ್ಕ ನಿಂತಳು.

ನನಗೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಸಂತೋಷ ಆಯಿತು. ಮೈ ಹಗುರಾಯಿತು. ನನ್ನ ಕಾಟ ತಾಳಲಾರದೆ ಊರ ದೇವಿ ದುರುಗವ್ವನೇ ಆ ರೂಲು ಮಾಡಿಸಿರಬೇಕು ಅನಿಸಿತು. “ನಡೀ ಮನಿಗೆ,” ಎಂದೆ. “ರಾತ್ರಿ ಮಾಳಿಗಿ ಮ್ಯಾಲ ಹಾಸ್ತೀನಿ. ಮುಂಜಾನಿ ಮೊದಲನೇ ಬಸ್ಸಿಗೆ ಕೂಡಸ್ತೀನಿ.”

ಅವಳು ಫೋನು ಕಿವಿಗೆ ಹಿಡಿದಿದ್ದಳು. ದೀಪಿಕಾ ಆ ಕಡೆಯಿಂದ ಚೀರುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಕೊಬ್ಬರಿಗಾಗಿ ವಿಮಾನ ಬಿಟ್ಟೆಯಾ, ಅಜ್ಜಿಯ ಗತಿ ಏನು? ಮಾರೆವ್ವ “ಅಮೀನಾಬೀಗೆ ಫೋನ್ ಕೊಡು,” ಎಂದಳು. ಅಮೀನಾಬೀ ಅವರ ಪಕ್ಕದ ಮನೆಯಾಕೆ. ಅವಳ ಜೊತೆ ಮಾತು ಮುಗಿಸಿ ನನ್ನ ಕಡೆ ತಿರುಗಿದಳು.

“ನಾ ಬರೋತನಾ ಅಮೀನಾಬೀ ಅತ್ತಿ ಮಗ್ಗಲಾಗ ಕುಂದರ್ತಾಳಂತ. ಒಂದು ರಾತ್ರಿಗಿಂತ ಹೆಚ್ಚಿಗಿ ಆಕಿಗೆ 	ತ್ರಾಸ ಕೊಡಾಕ ಬರಂಗಿಲ್ಲ, ಆಕಿಗೂ ವಯಸ್ಸಾಗೈತಿ. ಅಣ್ಣಾ, ಮನಿ ಬ್ಯಾಡ. ಈಗ ಯಾವ ಬಸ್ಸು ಸಿಗ್ತೈತಿ ಹೇಳು.”

ನನ್ನ ಮಾಳಿಗೆ ಅಲ್ಲೇ ಕುಸಿಯಿತು. ಆದರೆ ಬಸ್ಸು ಯಾವುದು ಅಂತ ನನ್ನನ್ನು ಕೇಳಿದ ಮೇಲೆ ಸುಳ್ಳು ಹೇಳಲು ನಾಲಿಗೆ ಹೊರಳುವುದಿಲ್ಲ. “ಗಂಗಾವತಿಗೆ ಹೋದ್ರ ಸಂಜಿ ಗಾಡಿ ಸಿಗ್ತೈತಿ,” ಎಂದೆ. ಸ್ವಲ್ಪ ತಡೆದು ಹೇಳಿದೆ: “ನಾನೂ ಬರ್ತೀನಿ.”

“ನೀ ಯಾಕ ಬರ್ತಿ? ಅರಿವಿ ಸೈತ ತಂದಿಲ್ಲ.”

“ಕೊಬ್ಬರಿ ಕುಬಸ ಮುಟ್ಟಿಸೋ ಡ್ಯೂಟಿ ನಂದು. ನೀ ಸುಮ್ನಿರು.”

ವೆಂಕಟೇಶ ಕಂಪ್ಲಿಯ ಮೇಲಿಂದ ಗಾಡಿ ಹೊಡೆದ. ಹೊಳೆ ಕೆಂಪಗೆ ತುಂಬಿ ಸೇತುವೆಗೆ ತಾಕುವ ಹಾಗೆ ಹರಿಯುತ್ತಿತ್ತು. ಗಂಗಾವತಿಗೆ ಬರುವಷ್ಟರಲ್ಲಿ ಮಿಲ್ಲುಗಳ ಹೊಗೆ, ಕುದಿಸಿದ ಭತ್ತದ ವಾಸನೆ. ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಓಡಿದೆವು. ಡ್ರೈವರ್ ನಮ್ಮನ್ನು ಕನ್ನಡಿಯಲ್ಲಿ ನೋಡಿ ನಿಲ್ಲಿಸಿದ, ನನಗೆ ಅವನ ಮೇಲೆ ಪ್ರೀತಿ ಬಂತು.

ಜನ್ಮದಲ್ಲಿ ಮೊದಲ ಸಲ ನಾನು ಹೈದರಾಬಾದ್ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮಾರೆವ್ವ ಕಿಟಕಿಗೆ, ನಾನು ಈಚೆಗೆ, ತೊಡೆಯ ಮೇಲೆ ಅವಳ ಉಡಿ. ಕಾಲುವೆಯ ಪಕ್ಕ ನಾಟಿ ಮಾಡಿದ ಗದ್ದೆಗಳು, ನೀರಿನಲ್ಲಿ ಕೆಂಪು ಮುಗಿಲು. ಮುಂದೆ ಎತ್ತಿನ ಬಂಡಿ ಬಂದಾಗೊಮ್ಮೆ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮಾರೆವ್ವ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ಬ್ರೇಕ್ ನಿನ್ನ ಕಾಲಾಗ ಇಲ್ಲೋ ಅಣ್ಣಾ ಈಗ.”

ನಗು ಬಂತು ನನಗೂ. ಹುರುಪಿನಲ್ಲಿ ಮತ್ತೆ ವಿಮಾನದ ಸುದ್ದಿ ತೆಗೆದೆ. “ಒಂದು ತಾಸಿನ್ಯಾಗ ಬರ್ತಾರಂತ, ಒಂದು ತಾಸಿನ್ಯಾಗ ಹೋಗ್ತಾರಂತ. ಅದರಾಗ ಮಾತೆಲ್ಲಿ, ಕತಿಯೆಲ್ಲಿ? ನಾ ಹ್ಯಾಂಗ ಬರ್ತಿದ್ದೆ ನೋಡು. ರಾತ್ರಿಯೆಲ್ಲಾ ಗಾಡಿ ಹೊಡದು, ವಾರಾ ವಾರಾ, ಇಡೀ ದಿನ ನಿನ್ನ ಮನ್ಯಾಗ ಇರ್ತಿದ್ದೆ.”

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. “ಇರ್ತಿದ್ದಿ,” ಎಂದಳು. “ಮಕ್ಕೊಂಡಿರ್ತಿದ್ದಿ.”

ನಾನು ಅವಳ ಕಡೆ ತಿರುಗಿದೆ.

“ಬೈತೀನಂತ ತಿಳೀಬ್ಯಾಡ. ನಿನ್ನ ತಪ್ಪಲ್ಲ, ರಾತ್ರಿಯೆಲ್ಲಾ ಗಾಡಿ ಹೊಡದ ಜೀವ. ಬರ್ತಿದ್ದಿ, ಜಳಕಾ ಮಾಡ್ತಿದ್ದಿ, ಉಣ್ತಿದ್ದಿ, ಬಿದ್ಕೋತಿದ್ದಿ. ನಾನು ಬಾಗಲಾಗ ಕುಂತು ಓಣಿ ಹುಡುಗರಿಗೆ ಗದ್ದಲಾ ಮಾಡಬ್ಯಾಡ್ರೋ ಅಂತ ಬೈತಿದ್ದೆ. ಕುಕ್ಕರ್ ಸೀಟಿ ಹೊಡದೀತಂತ ಬ್ಯಾಳಿ ಇಡ್ತಿರಲಿಲ್ಲ. ವಾರೆಲ್ಲಾ ನಿನ್ನ ಮುಂದ ಹೇಳಬೇಕಂತ ಕೂಡಿಟ್ಟಿರ್ತಿದ್ದೆ. ನೀ ಏಳೂದ್ರಾಗ ಬಸ್ಸಿನ ಹೊತ್ತು.”

ಬಸ್ಸು ಕಾರಟಗಿಯಲ್ಲಿ ನಿಂತಿತು. ಯಾರೋ ಹತ್ತಿದರು, ಯಾರೋ ಇಳಿದರು. ಮತ್ತೆ ಹೊರಟ ಮೇಲೆ ಅವಳೇ ಮುಂದುವರಿಸಿದಳು, ದನಿ ಇನ್ನಷ್ಟು ತಗ್ಗಿಸಿ.

“ದೀಪಿ ಮ್ಯಾಲ ಒಂದು ಬಸಿರು ನಿಂತಿತ್ತಣ್ಣಾ. ಮೂರು ತಿಂಗಳಿಗೆ ಹೋತು. ಅವ್ವಗ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹೋದ ಮರುದಿನಾನೇ ನೀ ಬಂದಿ. ನಿನಗೊಬ್ಬಗ ಹೇಳಬೇಕಂತ ಭಾಳ ಅನಿಸಿತ್ತು. ಎದ್ದ ಮ್ಯಾಲ ಹೇಳಿದ್ರಾತು ಅಂತ ನಿನ್ನ ಮಗ್ಗಲಾಗ ಕುಂತು ಗಾಳಿ ಹಾಕಿದೆ, ಕರೆಂಟ್ ಹೋಗಿತ್ತು. ನೀ ಎದ್ದು, ‘ಛಲೋ ನಿದ್ದಿ ಆತವ್ವ’ ಅಂತ ನಕ್ಕಿ. ಶರ್ಟ್ ಹಾಕ್ಕೊಂಡು ಹೋದಿ.”

ನನಗೆ ಆ ದಿನ ನೆನಪಿಲ್ಲ. ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಎಲ್ಲ ವಾರಗಳೂ ಒಂದೇ ಥರ ಇದ್ದವು. ಬಾಗಿಲು ತೆಗೆಯುವ ತಂಗಿ, ಬಿಸಿ ಅನ್ನ, ತಣ್ಣಗಿನ ನೆಲ, ನಿದ್ದೆ. ಆ ನಿದ್ದೆ ಎಷ್ಟು ಸುಖವಾಗಿತ್ತು ಅನ್ನುವುದು ಮಾತ್ರ ಮೈಗೆ ನೆನಪಿತ್ತು. ಮುನ್ನೂರೈವತ್ತು ಕಿಲೋಮೀಟರ್ ದಾಟಿ ಹೋದವನು ಅವಳು ಹಾಸಿಕೊಟ್ಟ ಹಾಸಿಗೆಯಿಂದ ಒಂದು ಮೊಳ ಆಚೆ ದಾಟಿರಲಿಲ್ಲ. ಅವಳ ಕೈ ಹಿಡಿದೆ. ಎಣ್ಣೆ, ಮುಲಾಮು, ಸಾಬೂನಿನಲ್ಲಿ ಒರಟಾದ ಕೈ.

“ಈಗ ಹೇಳವ್ವ,” ಎಂದೆ. “ಎಲ್ಲಾ ಹೇಳು. ನಾ ಇವತ್ತು ಗಾಡಿ ಹೊಡ್ಯಾಂಗಿಲ್ಲ. ರಾಯಚೂರ ಇನ್ನೂ ಭಾಳ ದೂರ ಐತಿ.”

“ಹೇಳ್ತೀನಿ,” ಎಂದಳು. “ಭಾಳ ಅದಾವು. ಸ್ವಲ್ಪ ತಡೀ, ಸಿಂಧನೂರ ದಾಟ್ಲಿ.” ಸೀಟಿಗೆ ತಲೆ ಆನಿಸಿದಳು.

ಬೆಳಕು ಹರಿಯುವ ಮೊದಲೇ ಎದ್ದು ಅತ್ತೆಗೆ ಮೈ ಒರೆಸಿ, ವಿಮಾನ ಹತ್ತಿ, ಇಳಿದು, ಉಂಡು, ಅತ್ತು ಬಂದ ಜೀವ. ಎಷ್ಟು ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲವೋ. ಒಂದು ತಿರುವಿನಲ್ಲಿ ಅವಳ ತಲೆ ನನ್ನ ಭುಜಕ್ಕೆ ಬಂತು, ಅಲ್ಲೇ ನಿಂತಿತು. ಬಾಯಿ ತುಸು ತೆರೆದಿತ್ತು. ಸಣ್ಣಗೆ ಗೊರಕೆ.

ಸಿಂಧನೂರಿನಲ್ಲಿ ಕಂಡಕ್ಟರ್ ಬಾಗಿಲು ಬಡಿದು ಊರಿನ ಹೆಸರು ಕೂಗಿದ. ನಾನು ಅವನಿಗೆ ಕೈಸನ್ನೆ ಮಾಡಿದೆ, ಸಾವಕಾಶ ಅಂತ. ಹಿಂದಿನ ಸೀಟಿನವನು ಫೋನಿನಲ್ಲಿ ಹಾಡು ಹಚ್ಚಿದ, ತಿರುಗಿ ನೋಡಿದೆ, ಬಂದ್ ಮಾಡಿದ. ಎಚ್ಚರವಾಗಲಿ, ಮಾತಾಡಲಿ ಎಂದು ಒಂದು ಮನಸ್ಸು ಹಟ ಹಿಡಿದಿತ್ತು. ಅವಳ ಉಸಿರು ಭುಜಕ್ಕೆ ತಾಗಿದಾಗೆಲ್ಲ ಇನ್ನೊಂದು ಮನಸ್ಸು ಅದರ ಬಾಯಿ ಮುಚ್ಚಿಸುತ್ತಿತ್ತು. ತೋಳು ಜೋಮು ಹಿಡಿಯಿತು. ಅಲುಗಾಡಿಸಲಿಲ್ಲ. ಡ್ರೈವರ್ ಹುಡುಗ ಕಸುವಿನವನು, ಒಳ್ಳೆ ರಸ್ತೆ ಸಿಕ್ಕಿದ್ದೇ ಗಾಡಿಯನ್ನು ಬಿಟ್ಟುಬಿಟ್ಟ. ಇಷ್ಟು ಲಗೂ ಯಾಕ ಹೊಡೀತಿಯೋ ತಮ್ಮಾ ಎಂದು ಎದ್ದು ಹೋಗಿ ಕೇಳಬೇಕೆನಿಸಿತು. ಏಳುವ ಹಾಗಿರಲಿಲ್ಲ.

ಮಾನ್ವಿಯ ದೀಪಗಳು ಬಂದವು. ನಾನು ಅವಳನ್ನು ಎಬ್ಬಿಸಲಿಲ್ಲ.